ಹನಿಯೊಳಗಿನ ಪ್ರಭಾವಳಿ

ಕೇಳುಗರಿಗೆ ನಮಸ್ಕಾರ.

ಟಿಶ್ಯೂ ಕಲ್ಚರ್ ಅಂದಕೂಡಲೇ ನಮ್ಮ ಕಡೆ ನೆನಪಾಗುವುದು ಬಾಳೆ ಸಸಿ. ನರ್ಸರಿಯಿಂದ ತಂದು ಸಾಲಾಗಿ ನೆಟ್ಟು, ಎಲ್ಲವೂ ಒಂದೇ ಹೊತ್ತಿಗೆ ಗೊನೆ ಹಾಕುವ ಆ ತೋಟಗಳನ್ನು ನೀವೂ ನೋಡಿರುತ್ತೀರಿ. ನಾನು ಇವತ್ತು ಹೇಳಹೊರಟಿರುವುದು ಪ್ರಾಣಿಗಳ ಅಂಗಾಂಶದ ವಿಚಾರ. ದೇಹದಿಂದ ಸಾಸಿವೆ ಕಾಳಿಗಿಂತ ಚಿಕ್ಕದೊಂದು ತುಣುಕು ತೆಗೆದು ಗಾಜಿನ ಮೇಲೆ ಸಾಕುತ್ತಾರೆ. ಆ ತುಣುಕಿಗೆ ಪ್ರಯೋಗಾಲಯದಲ್ಲಿ ಎಕ್ಸ್‌ಪ್ಲಾಂಟ್ ಅನ್ನುತ್ತಾರೆ.

ನಾನು ಮೊದಲ ಸಲ ಇದನ್ನು ಕಂಡದ್ದು ವಿದ್ಯಾರ್ಥಿಯಾಗಿದ್ದಾಗ. ಮೊಟ್ಟೆಯೊಳಗಿನ ಕೋಳಿ ಭ್ರೂಣದ ಹೃದಯದಿಂದ ಕತ್ತರಿಸಿದ ಒಂದು ಚೂರು, ತಿಳಿಗುಲಾಬಿ ಬಣ್ಣದ ದ್ರವದಲ್ಲಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಅದು ಮಿಡಿಯುತ್ತಿದೆ! ದೇಹವಿಲ್ಲ, ರಕ್ತವಿಲ್ಲ, ಮಿದುಳಿನ ಅಪ್ಪಣೆ ಇಲ್ಲ. ಆದರೂ ತನ್ನ ಪಾಡಿಗೆ ತಾನು ಲಯ ತಪ್ಪದೆ ಕುಗ್ಗುತ್ತಿತ್ತು, ಹಿಗ್ಗುತ್ತಿತ್ತು. ಎರಡು ದಿನ ಕಳೆದು ನೋಡಿದರೆ ದ್ರವ ಹಳದಿಗೆ ತಿರುಗಿ ಮಬ್ಬಾಗಿತ್ತು. ಬ್ಯಾಕ್ಟೀರಿಯಾ ಹೊಕ್ಕಿತ್ತು, ಮಿಡಿತ ನಿಂತಿತ್ತು. ಚಿಮಟವನ್ನು ಬೆಂಕಿಗೆ ಹಿಡಿಯುವಾಗ ನಾನು ಆತುರಪಟ್ಟಿದ್ದೆ. ಆ ಬೇಸರ ಬಹಳ ದಿನ ಉಳಿಯಿತು.

ಈ ವಿದ್ಯೆ ಹುಟ್ಟಿದ್ದು ಒಂದು ಜಗಳದಿಂದ. ನಮ್ಮ ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಹೋಗುವ ನರದ ಎಳೆ ಎಲ್ಲಿಂದ ಬರುತ್ತದೆ? ನರಕೋಶವೇ ಅಷ್ಟುದ್ದ ಕೈಚಾಚುತ್ತದೆ ಎಂದು ಕೆಲವರು. ದಾರಿಯುದ್ದಕ್ಕೂ ಇರುವ ಕೋಶಗಳೆಲ್ಲ ಸೇರಿ ಅದನ್ನು ಹೆಣೆಯುತ್ತವೆ ಎಂದು ಇನ್ನು ಕೆಲವರು. 1906ರಲ್ಲಿ ನರವ್ಯೂಹದ ಅಧ್ಯಯನಕ್ಕಾಗಿ ಇಟಲಿಯ ಗಾಲ್ಜಿ ಮತ್ತು ಸ್ಪೇನಿನ ಕಹಾಲ್ ಎಂಬ ವಿಜ್ಞಾನಿಗಳಿಬ್ಬರಿಗೂ ಒಟ್ಟಿಗೆ ನೊಬೆಲ್ ಬಂದಾಗ, ಅದೇ ವೇದಿಕೆಯಲ್ಲಿ ನರವ್ಯೂಹದ ಬಗ್ಗೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತದ್ವಿರುದ್ಧ ಹೇಳಿದರು. ಇಬ್ಬರೂ ನೋಡುತ್ತಿದ್ದದ್ದು ಸತ್ತ, ಬಣ್ಣ ಹಾಕಿದ ಅಂಗಾಂಶವನ್ನು. ಬೆಳೆಯುತ್ತಿರುವ ನರವನ್ನು ಅಲ್ಲಿ ಕಾಣುವುದು ಹೇಗೆ?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ರಾಸ್ ಹ್ಯಾರಿಸನ್ ಒಂದು ದಾರಿ ಕಂಡುಕೊಂಡರು. ಕಪ್ಪೆಯ ಎಳೆ ಭ್ರೂಣದಲ್ಲಿ ನರದ ಎಳೆಗಳು ಇನ್ನೂ ಹುಟ್ಟಿರದ ಹಂತದಲ್ಲೇ, ಮುಂದೆ ಬೆನ್ನುಹುರಿಯಾಗುವ ಭಾಗದಿಂದ ಒಂದು ಚೂರನ್ನು ಎತ್ತಿದರು. ಕಪ್ಪೆಯದೇ ದುಗ್ಧರಸದ, ಅಂದರೆ ಲಿಂಫಿನ, ಒಂದು ಹನಿಯನ್ನು ತೆಳುಗಾಜಿನ ಮೇಲಿಟ್ಟು, ಅದರೊಳಗೆ ಆ ಚೂರನ್ನು ಕೂರಿಸಿದರು. ಹಾಲು ಹೆಪ್ಪುಗಟ್ಟುವ ಹಾಗೆ ಹನಿ ಗಟ್ಟಿಯಾಯಿತು. ಆಮೇಲೆ ಗಾಜನ್ನು ಮಗುಚಿ, ನಡುವೆ ಗುಳಿಯಿದ್ದ ದಪ್ಪ ಸ್ಲೈಡಿನ ಮೇಲಿಟ್ಟು, ಅಂಚಿಗೆ ಪ್ಯಾರಾಫಿನ್ ಮೇಣ ಬಳಿದರು. ಎಲೆಯ ತುದಿಯ ಮಂಜಿನ ಹನಿಯಂತೆ ಅದು ಗುಳಿಯೊಳಗೆ ತೂಗಿತು. ಅಷ್ಟೇ. ಒಂದು ಅಡುಗೆಮನೆಯಲ್ಲಿ ಮಾಡಬಹುದಾದಷ್ಟು ಸರಳ ಸಲಕರಣೆ. ಶುದ್ಧತೆ ಮಾತ್ರ ಅಡುಗೆಮನೆಯದಲ್ಲ.

ಆ ಚೂರಿನಿಂದ ಎಳೆಗಳು ಹೊರಟವು. ತುದಿಯಲ್ಲಿ ಸದಾ ಮಿಸುಕಾಡುವ ಪುಟ್ಟ ಬೆರಳುಗಳು, ಮುಂದೆ ತಡಕಾಡುತ್ತಾ, ಹಿಂದೆ ನರದ ಎಳೆಯನ್ನು ಎಳೆದುಕೊಂಡು ಸಾಗುತ್ತಿದ್ದವು. ಸುತ್ತ ದಾರಿ ಹೆಣೆದುಕೊಡಲು ಬೇರೆ ಕೋಶಗಳೇ ಇಲ್ಲ. ಬರೀ ಹೆಪ್ಪುಗಟ್ಟಿದ ರಸ. ಅಲ್ಲಿಗೆ ಜಗಳ ತೀರಿದಂತಾಯಿತು. ಹ್ಯಾರಿಸನ್ 1907ರಲ್ಲಿ ಇದನ್ನು ಪ್ರಕಟಿಸಿದರು. ಅವರಿಗೆ ನೊಬೆಲ್ ಕೊನೆಗೂ ಸಿಗಲಿಲ್ಲ, ಸಿಗಬೇಕಿತ್ತು.

ಇದೇ ತೂಗುಹನಿ ಸುಮಾರು 45 ವರ್ಷದ ಮೇಲೆ ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ರೀಟಾ ಲೆವಿ-ಮೊಂಟಾಲ್ಚಿನಿ ಇಟಲಿಯ ಟ್ಯೂರಿನ್‌ನವರು. ಯಹೂದಿ ಎಂಬ ಕಾರಣಕ್ಕೆ ಮುಸೊಲಿನಿಯ ಸರ್ಕಾರ ಕೆಲಸದಿಂದ ಹೊರಹಾಕಿದಾಗ, ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು ಕೋಳಿ ಭ್ರೂಣಗಳ ಮೇಲೆ ಕೆಲಸ ಮಾಡಿದವರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. ಬಿಳಿ ಇಲಿಯ ಒಂದು ಬಗೆಯ ಗಡ್ಡೆಯನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿದರೆ ನರಗಳು ಮಿತಿಮೀರಿ ಬೆಳೆಯುವುದನ್ನು ಅಲ್ಲಿ ಕಂಡರು. ಗಡ್ಡೆ ಏನನ್ನೋ ಒಸರುತ್ತಿದೆ ಎಂಬ ಗುಮಾನಿ. ಆದರೆ ಇಡೀ ಭ್ರೂಣದಲ್ಲಿ ಪರೀಕ್ಷಿಸುವುದೆಂದರೆ ಪ್ರತಿ ಸಲ ದಿನಗಟ್ಟಲೆ ಕಾಯಬೇಕು, ಮೇಲಾಗಿ ಒಂದರೊಳಗೊಂದು ನೂರು ಸಂಗತಿ ಬೆರೆತಿರುತ್ತವೆ.

ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಅಂಗಾಂಶ ಕೃಷಿಯ ಕೈಚಳಕ ಬಲ್ಲ ಹರ್ತಾ ಮೇಯರ್ ಎಂಬ ಹಳೆಯ ಗೆಳತಿ ಇದ್ದರು. 1952ರಲ್ಲಿ ರೀಟಾ ಗಡ್ಡೆ ಹೊತ್ತ ಎರಡು ಇಲಿಗಳನ್ನು ಜೊತೆಯಲ್ಲೇ ಇಟ್ಟುಕೊಂಡು ವಿಮಾನ ಹತ್ತಿದರು. ಹನಿಯೊಳಗೆ ಕೋಳಿ ಭ್ರೂಣದ ನರಗಂಟು, ಅಂದರೆ ನರಕೋಶಗಳ ಪುಟ್ಟ ಗೊಂಚಲು, ಅದರ ಪಕ್ಕದಲ್ಲಿ, ತಾಗದ ಹಾಗೆ, ಗಡ್ಡೆಯ ಚೂರು. ಮೊದಮೊದಲು ಏನೂ ಆಗಲಿಲ್ಲ. ಕೋಳಿ ಭ್ರೂಣದಲ್ಲಿ ಬೆಳೆಸಿದ ಗಡ್ಡೆಯ ಚೂರನ್ನು ಇಟ್ಟಾಗ, ಒಂದು ದಿನ ತುಂಬುವುದರೊಳಗೆ ನರಗಂಟಿನ ಸುತ್ತ ದಟ್ಟವಾಗಿ ಎಳೆಗಳು ಹೊಮ್ಮಿದ್ದವು, ವಿಗ್ರಹದ ಹಿಂದಿನ ಪ್ರಭಾವಳಿಯ ಹಾಗೆ. ಗಡ್ಡೆಯಿದ್ದ ಕಡೆಗೆ ಇನ್ನೂ ದಟ್ಟ.

ಆಮೇಲೆ ಆದದ್ದು ಕೇಳಿ. ಹೋಲಿಕೆಗೆಂದು ಇಲಿಯ ಸಾಮಾನ್ಯ ಅಂಗಾಂಶವನ್ನೂ ಇಟ್ಟು ನೋಡಿದರೆ, ಅಲ್ಲೂ ಮಂಕಾದ ಒಂದು ಪ್ರಭಾವಳಿ ಮೂಡಿತು! ಗಡ್ಡೆಗೆ ಮಾತ್ರ ಈ ಗುಣ ಎಂದು ನಂಬಿದ್ದವರಿಗೆ ಎದೆ ಧಸಕ್ಕೆಂದಿರಬೇಕು. ರೀಟಾ ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋದರು. ಅದು ಸರಿಯೋ ತಪ್ಪೋ ಎಂದು ನಾನು ಬಹಳ ಯೋಚಿಸಿದ್ದೇನೆ. ವಿದ್ಯಾರ್ಥಿಗಳಿಗೆ ಹಾಗೆ ಮಾಡಿ ಎಂದು ಹೇಳಲಾರೆ.

ಸೇಂಟ್ ಲೂಯಿಸ್‌ನಲ್ಲಿ ಜೀವರಸಾಯನ ಬಲ್ಲ ಸ್ಟ್ಯಾನ್ಲಿ ಕೋಹೆನ್ ಜೊತೆಯಾದರು. ಒಸರುವ ವಸ್ತು ಯಾವುದೆಂದು ಜರಡಿ ಹಿಡಿಯುವುದು ಅವರ ಕೆಲಸ. ಪ್ರತಿ ಪಾಲನ್ನೂ ಹನಿಯಲ್ಲಿಟ್ಟು ಪ್ರಭಾವಳಿ ಬಂತೋ ಇಲ್ಲವೋ ನೋಡುವುದು ರೀಟಾ ಅವರದು. ಆ ವಸ್ತುವಿನಲ್ಲಿ ಡಿಎನ್‌ಎಯಂಥ ನ್ಯೂಕ್ಲಿಯಿಕ್ ಆಮ್ಲ ಇದ್ದರೆ ಒಡೆಯಲಿ ಎಂದು ಹಾವಿನ ವಿಷ ಬೆರೆಸಿದರು. ಪ್ರಭಾವಳಿ ಕಡಿಮೆಯಾಗುವ ಬದಲು ಇನ್ನೂ ದಟ್ಟವಾಯಿತು. ವಿಷದಲ್ಲೇ ಆ ವಸ್ತು ಗಡ್ಡೆಗಿಂತ ಎಷ್ಟೋ ಪಾಲು ಹೆಚ್ಚಾಗಿತ್ತು! ಹಾವಿನ ವಿಷ ತಯಾರಾಗುವುದು ಜೊಲ್ಲುಗ್ರಂಥಿಯ ಜಾತಿಯ ಗ್ರಂಥಿಯಲ್ಲಿ. ಹಾಗಾದರೆ ಇಲಿಯ ಜೊಲ್ಲುಗ್ರಂಥಿಯಲ್ಲೂ ಇದ್ದೀತೇ ಎಂದು ಕೋಹೆನ್ ಹುಡುಕಿದರು. ಇತ್ತು, ಧಾರಾಳವಾಗಿ ಇತ್ತು. ಅದೇ ನರ್ವ್ ಗ್ರೋತ್ ಫ್ಯಾಕ್ಟರ್, ನರ ಬೆಳೆಸುವ ವಸ್ತು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ರಿಯೊದ ಹನಿಯಲ್ಲಿ ಇಲಿಯ ಸಾಮಾನ್ಯ ಅಂಗಾಂಶದ ಪಕ್ಕ ಮಂಕಾಗಿ ಮೂಡಿದ್ದ ಆ ಪ್ರಭಾವಳಿ, ಅಂದೇ ನಿಜ ಹೇಳಿತ್ತು.

ನಮಸ್ಕಾರ.