ವಕೀಲರ ಮುಂದೆ ಮುಚ್ಚಿಡಬಾರದ ಮಾತು

ಕೇಳುಗರೇ, ನಮಸ್ಕಾರ.

ಹಲ್ಲೆಯ ಆರೋಪ ಹೊತ್ತವರು ಮೊದಲ ಸಲ ವಕೀಲರ ಬಳಿ ಹೊರಟಾಗ ಅವರ ಬಾಯಲ್ಲಿ ಒಂದು ಕಥೆ ಸಿದ್ಧವಾಗಿರುತ್ತದೆ. ಅವನೇ ಮೊದಲು ಕೈ ಎತ್ತಿದ, ನಾನು ತಡೆದೆ, ಅಷ್ಟೇ. ಮನೆಯವರಿಗೆ, ಸ್ನೇಹಿತರಿಗೆ ಹೇಳಿ ಹೇಳಿ ಅದು ನಯವಾಗಿರುತ್ತದೆ. ಆದರೆ ವಕೀಲರಿಗೆ ಮೊದಲು ಬೇಕಾದದ್ದು ಆ ಕಥೆಯಲ್ಲಿ ಬಿಟ್ಟುಹೋದ ಭಾಗ.

ಜಗಳಕ್ಕೆ ಎರಡು ಗಂಟೆ ಮುಂಚೆ "ಇವತ್ತು ನಿನ್ನ ಬಿಡಲ್ಲ" ಅಂತ ಸಿಟ್ಟಿನಲ್ಲಿ ಕಳಿಸಿದ ಒಂದು ಮೆಸೇಜು ಇದೆ ಅಂದುಕೊಳ್ಳಿ. ನಿಮ್ಮ ಫೋನಿನಿಂದ ಅಳಿಸಿದರೂ ದೂರು ಕೊಟ್ಟವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ಅಳಿಸಿದ್ದೇ ಸಾಕ್ಷ್ಯನಾಶದ ಇನ್ನೊಂದು ಆರೋಪವೂ ಆಗಬಹುದು. ವಿಚಾರಣೆಯ ನಡುವೆ ಅದು ಹೊರಬಂದರೆ ನಿಮ್ಮ ವಕೀಲರಿಗೆ ಯೋಚಿಸಲು ಸಮಯವೇ ಇರುವುದಿಲ್ಲ. ಮೊದಲ ದಿನವೇ ತೋರಿಸಿದರೆ, ಅದಕ್ಕೂ ಮುಂಚೆ ಆ ಕಡೆಯಿಂದ ಏನು ಬಂದಿತ್ತು, ಆಮೇಲೆ ಏನು ಮಾತಾಯಿತು ಅಂತ ಅವರು ಪೂರ್ತಿ ಸರಣಿ ಓದಿಕೊಳ್ಳುತ್ತಾರೆ. ಕುಡಿದಿದ್ದು, ಹಳೆಯ ದ್ವೇಷ, ಹಿಂದಿನ ಕೇಸು, ಇವೂ ಹಾಗೆಯೇ.

ಆತ್ಮರಕ್ಷಣೆ ಅನ್ನುವವರು ಇನ್ನೂ ಎಚ್ಚರವಾಗಿರಬೇಕು. ಕಾನೂನಿನ ಮಾತುಗಳು ಒಂದೊಂದು ದೇಶದಲ್ಲಿ ಒಂದೊಂದು ಥರ ಇದ್ದರೂ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ಅಪಾಯ ಆ ಕ್ಷಣದ್ದಾಗಿತ್ತೇ? ಬಳಸಿದ ಬಲ ಅಪಾಯಕ್ಕೆ ತಕ್ಕಷ್ಟಿತ್ತೇ? ಅಪಾಯ ಮುಗಿದ ಮೇಲೆ ಕೈ ನಿಂತಿತೇ? ಅವನು ಕೆಳಗೆ ಬಿದ್ದ ಮೇಲೆ ಇನ್ನೊಂದು ಏಟು ಹಾಕಿದ್ದರೆ ಆ ಒಂದು ಏಟಿನ ಮೇಲೇ ಇಡೀ ಕೇಸು ನಿಲ್ಲಬಹುದು. "ನಾನು ಅಲ್ಲಿರಲೇ ಇಲ್ಲ" ಮತ್ತು "ಜೀವ ಉಳಿಸಿಕೊಳ್ಳಲು ಹೊಡೆದೆ" ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ನಿಜ ಗೊತ್ತಿಲ್ಲದೆ ವಕೀಲರು ಯಾವ ದಾರಿ ಹಿಡಿದಾರು?

ಹೇಳಲು ಹೆದರಬೇಡಿ. ವಕೀಲರ ಜೊತೆಗಿನ ಮಾತುಕತೆ ಗೋಪ್ಯವಾಗಿರಬೇಕೆಂದು ವಕೀಲರ ಪಾತ್ರದ ಬಗ್ಗೆ ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ಮೂಲತತ್ವಗಳು ಹೇಳುತ್ತವೆ. ಆದರೆ ಆ ರಕ್ಷಣೆ ಮುಂದೆ ಮಾಡಲಿರುವ ಅಪರಾಧದ ಮಾತಿಗೆ ಸಾಮಾನ್ಯವಾಗಿ ಸಿಗದು. ಬೇರೊಬ್ಬರು ಪಕ್ಕದಲ್ಲಿ ಕೂತಿದ್ದರೂ ಹಲವು ಕಡೆ ಅದು ಕೈತಪ್ಪಬಹುದು. ಆದ್ದರಿಂದ ಜೊತೆಗೆ ಬಂದ ಅಣ್ಣನನ್ನೋ ಗೆಳೆಯನನ್ನೋ ಹೊರಗೆ ಕೂರಿಸಿ. ಅವರು ಜಗಳ ಕಂಡವರಾಗಿದ್ದರಂತೂ ಇದು ಇನ್ನೂ ಮುಖ್ಯ.

ಹೋಗುವ ಮುನ್ನ ಒಬ್ಬರೇ ಕೂತು ನಡೆದದ್ದನ್ನು ಬರೆಯಿರಿ. ಹಾಳೆಯ ತಲೆಗೆ "ನನ್ನ ವಕೀಲರಿಗೆ ಮಾತ್ರ" ಅಂತ ಬರೆದು, ಬೇರೆ ಯಾರಿಗೂ ಕಳಿಸಬೇಡಿ. ಬೆಳಕು ಎಷ್ಟಿತ್ತು, ಇಬ್ಬರ ನಡುವೆ ಎಷ್ಟು ಅಂತರ, ಯಾವ ಕೈ, ಯಾವ ಮಾತು, ಯಾರು ನೋಡಿದರು. ಕಣ್ಣಾರೆ ಕಂಡದ್ದು ಒಂದು ಕಡೆ, ಆಮೇಲೆ ಕೇಳಿ ತಿಳಿದದ್ದು ಇನ್ನೊಂದು ಕಡೆ. ನೆನಪಿಲ್ಲದ್ದನ್ನು ನೆನಪಿಲ್ಲ ಅಂತಲೇ ಬರೆಯಿರಿ. ಊಹೆಯಿಂದ ತುಂಬಿದ ಜಾಗವೇ ಪಾಟೀಸವಾಲಿನಲ್ಲಿ ಮೊದಲು ಕುಸಿಯುವುದು.

ಕೆಲವಕ್ಕೆ ಭೇಟಿಯ ದಿನದವರೆಗೂ ಕಾಯುವಂತಿಲ್ಲ. ಅನೇಕ ಸಿಸಿಟಿವಿಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೆಲವೇ ದಿನ, ವಾರಗಳಲ್ಲಿ ದಾಖಲಾಗುತ್ತದೆ. ಎಲ್ಲಿ ಕ್ಯಾಮೆರಾ ಇತ್ತು ಅಂತ ವಕೀಲರಿಗೆ ಅವತ್ತೇ ಫೋನಿನಲ್ಲಿ ತಿಳಿಸಿ. ನಿಮ್ಮ ಮೈಮೇಲಿನ ಬಾವು, ಕಲೆ ಮಾಸುವ ಮೊದಲು ವೈದ್ಯರಿಗೆ ತೋರಿಸಿ, ಫೋಟೋ ತೆಗೆಸಿ. ಹರಿದ ಅಂಗಿಯನ್ನು ಒಗೆಯದೆ ಹಾಗೇ ಎತ್ತಿಡಿ.

ದೂರುದಾರರಿಗೆ ಕ್ಷಮೆ ಕೇಳಲು ಕೂಡ ಫೋನು ಮಾಡಬೇಡಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರೂ ಅದು ಜಾಮೀನಿನ ಷರತ್ತು ಮುರಿದಂತೆ, ಸಾಕ್ಷಿಯನ್ನು ಒತ್ತಾಯಿಸಿದಂತೆ ಕಾಣಬಹುದು. ರಾಜಿಯ ಆಸೆಯಿದ್ದರೆ ವಕೀಲರಿಗೆ ಹೇಳಿ. ಸಾಕ್ಷಿಗಳ ಹೆಸರು ಕೊಟ್ಟರೆ ಸಾಕು, ಅವರಿಗೆ ಮಾತು ಹೇಳಿಕೊಡಲು ಹೋಗಬೇಡಿ.

ದೂರಿನ ಪ್ರತಿ, ಜಾಮೀನಿನ ಆದೇಶ, ಬಂದ ನೋಟಿಸು, ಮುಂದಿನ ತಾರೀಖು ಜೊತೆಗಿರಲಿ. ಫೀಸು ಯಾವ ಹಂತದವರೆಗೆ, ಕೋರ್ಟಿನಲ್ಲಿ ನಿಲ್ಲುವವರು ಇವರೇನಾ ಅಂತ ಸಂಕೋಚವಿಲ್ಲದೆ ಕೇಳಿ. ಹಣವಿಲ್ಲದಿದ್ದರೆ ಸುಮ್ಮನಾಗಬೇಡಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಪ್ಪಂದದ 14ನೇ ವಿಧಿಯಲ್ಲಿ, ನ್ಯಾಯದ ಹಿತಕ್ಕೆ ಅಗತ್ಯವಿದ್ದಾಗ ಬಡ ಆರೋಪಿಗೆ ಉಚಿತ ವಕೀಲರ ನೆರವು ಸಿಗಬೇಕೆಂದಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಅನ್ನುವುದೂ ಅದೇ ವಿಧಿಯಲ್ಲಿದೆ. ಭೇಟಿಗೆ ಮೊದಲೇ ತನಿಖೆಯವರು ಹೇಳಿಕೆಗೆ ಕರೆದರೆ, ವಕೀಲರೊಂದಿಗೆ ಮಾತಾಡಿ ಉತ್ತರಿಸುತ್ತೇನೆ ಅಂತ ಮರ್ಯಾದೆಯಿಂದಲೇ ಹೇಳಿ, ಕೂಡಲೇ ವಕೀಲರಿಗೆ ಫೋನು ಮಾಡಿ.