ಒಂದು ಟೀಪಾಟ್, ಒಂದು ಬೆಳ್ಳಿ ಬಟ್ಟಲು, ಹೈದರ್ ಅಲಿ ಹೆಸರಿನ ಒಂದು ಹಡಗು

ನಮಸ್ಕಾರ ಎಲ್ಲರಿಗೂ. ಇವತ್ತು ನಾವಿರೋದು ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ. ಇಲ್ಲಿ ಈಜಿಪ್ಟಿನ ಮಮ್ಮಿಗಳಿವೆ, ಫ್ರೆಂಚ್ ಕಲಾವಿದ ಮೊನೆಯ ಚಿತ್ರಗಳಿವೆ, ಜಪಾನಿನ ಬುದ್ಧರಿದ್ದಾರೆ. ಅವನ್ನೆಲ್ಲ ದಾಟಿ ಸೀದಾ ಅಮೆರಿಕದ ವಿಭಾಗಕ್ಕೆ ಬಂದಿದ್ದೀನಿ. ನನಗೆ ಬೇಕಿರೋದು ಒಂದು ಚಿತ್ರ, ಒಂದು ಬಟ್ಟಲು. ಎರಡೂ 1768ರವು. ಅಮೆರಿಕ ಅನ್ನೋ ದೇಶ ಹುಟ್ಟೋಕೆ ಆಗ ಇನ್ನೂ ಎಂಟು ವರ್ಷ ಇತ್ತು.

ಮೊದಲು ಚಿತ್ರ. ಇದನ್ನ ಬರೆದವನು ಜಾನ್ ಸಿಂಗಲ್ಟನ್ ಕೋಪ್ಲಿ. ಚಿತ್ರದಲ್ಲಿ ಕೂತಿರೋದು ಪಾಲ್ ರಿವೀರ್, ಬಾಸ್ಟನ್‌ನ ಅಕ್ಕಸಾಲಿಗ, ಬೆಳ್ಳಿ ಕೆಲಸದವನು. ಆ ಕಾಲದಲ್ಲಿ ಭಾವಚಿತ್ರ ಬರೆಸೋರು ಮೈಮೇಲೆ ಕೋಟು, ತಲೆಗೆ ವಿಗ್, ಹಿಂದೆ ಒಂದು ರೇಷ್ಮೆ ಪರದೆ ಇಟ್ಟುಕೊಂಡು ಕೂರ್ತಿದ್ದರು. ಈತ ನೋಡಿ, ಕೋಟಿಲ್ಲ, ವಿಗ್ ಇಲ್ಲ. ಬಿಳಿ ಅಂಗಿ, ಗುಂಡಿ ಬಿಚ್ಚಿದ ವೇಸ್ಟ್‌ಕೋಟ್. ಒಂದು ಕೈ ಗದ್ದಕ್ಕೆ, ಇನ್ನೊಂದು ಕೈಯಲ್ಲಿ ಟೀಪಾಟ್. ಮುಂದೆ ಮೇಜಿನ ಮೇಲೆ ಕೆತ್ತನೆ ಉಳಿಗಳು. ಟೀಪಾಟ್ ಆಕಾರ ಪೂರ್ತಿ ಬಂದಿದೆ, ಕೆತ್ತನೆ ಮಾತ್ರ ಇನ್ನೂ ಶುರುವಾಗಿಲ್ಲ. ಸ್ವಲ್ಪ ಹತ್ತಿರ ಬನ್ನಿ. ಪಾತ್ರೆಯ ನುಣುಪಿನಲ್ಲಿ ಆತನ ಬೆರಳುಗಳ ಪ್ರತಿಬಿಂಬ ಕಾಣುತ್ತಲ್ಲ? ನಾನು ಎಷ್ಟೋ ಹೊತ್ತು ಅಷ್ಟನ್ನೇ ನೋಡ್ತಾ ನಿಂತಿದ್ದೆ. ದುಡಿಯೋ ಕೈಗೆ ಇಷ್ಟು ಮರ್ಯಾದೆ ಕೊಟ್ಟ ಚಿತ್ರ ಆ ಕಾಲದಲ್ಲಿ ತೀರಾ ಅಪರೂಪ.

ಈಗ ಅದೇ ವರ್ಷದ ಊರಿನ ಸ್ಥಿತಿ ಕೇಳಿ. 1767ರಲ್ಲಿ ಬ್ರಿಟನ್ ಸಂಸತ್ತು ಅಮೆರಿಕದಲ್ಲಿದ್ದ ತನ್ನ ವಸಾಹತುಗಳ ಮೇಲೆ ಹೊಸ ಸುಂಕ ಹಾಕಿತು. ಚಹಾ, ಗಾಜು, ಕಾಗದ, ಸೀಸ, ಬಣ್ಣ, ಇವೆಲ್ಲಕ್ಕೂ. ಜನ ಬ್ರಿಟಿಷ್ ಸರಕು ಬಿಟ್ಟರು. ಹೆಂಗಸರು ಗುಂಪಾಗಿ ಕೂತು ರಾಟೆಯಲ್ಲಿ ನೂಲು ತೆಗೆದರು, ಮನೆಯಲ್ಲೇ ನೇಯ್ದ ಬಟ್ಟೆ ತೊಡೋದು ಹೆಮ್ಮೆಯ ವಿಷಯ ಆಯ್ತು. ನಮ್ಮ ಸ್ವದೇಶಿ ಚಳವಳಿಗಿಂತ 130 ವರ್ಷಕ್ಕೂ ಹಿಂದಿನ ಮಾತು ಇದು. ಹಾಗಾಗಿ 1768ರಲ್ಲಿ ಬಾಸ್ಟನ್‌ನವನೊಬ್ಬ ಕೈಯಲ್ಲಿ ಟೀಪಾಟ್ ಹಿಡಿದು, ಮೈಮೇಲೆ ಬರೀ ಲಿನನ್ ಅಂಗಿ ತೊಟ್ಟು ಚಿತ್ರಕ್ಕೆ ಕೂತರೆ, ನೋಡಿದವರಿಗೆ ಅದು ಬರೀ ಪಾತ್ರೆ, ಬರೀ ಅಂಗಿ ಆಗಿ ಕಾಣೋಕೆ ಸಾಧ್ಯಾನೇ ಇರಲಿಲ್ಲ.

ಇನ್ನು ಕೋಪ್ಲಿ ಕಥೆ. ಆತ ಬ್ರಿಟನ್ ಪರ ಇದ್ದವರು, ವಿರೋಧಿಸ್ತಿದ್ದವರು, ಎರಡೂ ಕಡೆಯವರ ಚಿತ್ರ ಬರೀತಿದ್ದ. ಮರುವರ್ಷ ಆತ ಮದುವೆಯಾದ ಸುಸಾನಾ ಕ್ಲಾರ್ಕ್ ಯಾರ ಮಗಳು ಗೊತ್ತಾ? ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಚಹಾ ಇಳಿಸಿಕೊಳ್ಳಬೇಕಿದ್ದ ವ್ಯಾಪಾರಿಯ ಮಗಳು. 1773ರ ಡಿಸೆಂಬರ್ 16ರ ರಾತ್ರಿ ಸುಂಕ ವಿರೋಧಿಸಿದ ಜನ 342 ಪೆಟ್ಟಿಗೆ ಚಹಾನ ಬಾಸ್ಟನ್ ಬಂದರಿನ ನೀರಿಗೆ ಎಸೆದರಲ್ಲ, ಅದರಲ್ಲಿ ಮಾವನ ಪಾಲೂ ಇತ್ತು. ಆ ಸುದ್ದಿ ಹೊತ್ತು ಕುದುರೆ ಏರಿ ನ್ಯೂಯಾರ್ಕ್‌ಗೆ ಹೋದವನು ಇದೇ ರಿವೀರ್. 1774ರಲ್ಲಿ ಕೋಪ್ಲಿ ಹಡಗು ಹತ್ತಿದ, ಇಂಗ್ಲೆಂಡಿನಲ್ಲೇ ನೆಲೆಸಿದ, ಮತ್ತೆ ಬಾಸ್ಟನ್‌ಗೆ ಕಾಲಿಡಲಿಲ್ಲ. ಅಮೆರಿಕನ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರೋ ಈ ಮುಖವನ್ನ ಬರೆದವನು ಆ ದೇಶ ಹುಟ್ಟೋ ಹೊತ್ತಿಗೆ ಅಲ್ಲಿರಲೇ ಇಲ್ಲ.

ಈಗ ಬಟ್ಟಲು. ಇದು ರಿವೀರ್ ಕೈಕೆಲಸ, ಹೆಸರು ಸನ್ಸ್ ಆಫ್ ಲಿಬರ್ಟಿ ಬೌಲ್. ಸನ್ಸ್ ಆಫ್ ಲಿಬರ್ಟಿ, ಅಂದ್ರೆ ಸ್ವಾತಂತ್ರ್ಯದ ಮಕ್ಕಳು, ಬ್ರಿಟಿಷ್ ಸುಂಕ ವಿರೋಧಿಸ್ತಿದ್ದ ಗುಂಪು. ಪಂಚ್ ಅನ್ನೋ ಪಾನೀಯ ಕಲಸಿ ಎಲ್ಲರೂ ಸೇರಿ ಕುಡಿಯೋಕೆ ಇಟ್ಟುಕೊಂಡ ಬೆಳ್ಳಿ ಬಟ್ಟಲು. ಮಾಡಿಸಿದವರು ಹದಿನೈದು ಜನ, ಅವರ ಹೆಸರುಗಳು ಅಂಚಿನ ಸುತ್ತ ಕೆತ್ತಿವೆ. ಮಾಡಿಸಿದ್ದು 92 ಜನರ ಗೌರವಕ್ಕೆ. ಸುಂಕ ವಿರೋಧಿಸಿ ಮ್ಯಾಸಚೂಸೆಟ್ಸ್ ಶಾಸನಸಭೆ ಉಳಿದ ವಸಾಹತುಗಳಿಗೆ ಒಂದು ಪತ್ರ ಬರೆದಿತ್ತು. ವಾಪಸ್ ತಗೊಳ್ಳಿ ಅಂತ ಲಂಡನ್‌ನಿಂದ ಆಜ್ಞೆ ಬಂತು. 1768ರ ಜೂನ್ 30ರಂದು ಮತಕ್ಕೆ ಹಾಕಿದಾಗ ವಾಪಸ್ ತಗೊಳ್ಳೋಣ ಅಂದವರು 17, ತಗೊಳ್ಳಲ್ಲ ಅಂದವರು 92. ಗವರ್ನರ್ ಸಭೆಯನ್ನೇ ವಿಸರ್ಜಿಸಿದ.

ಇದರ ತೂಕದಲ್ಲೂ ರಾಜಕೀಯ ಇದೆ. 45 ಔನ್ಸ್ ತೂಗುತ್ತೆ, 45 ಗಿಲ್ ಹಿಡಿಸುತ್ತೆ. ಗಿಲ್ ಅಂದ್ರೆ ಹಳೇ ಅಳತೆ, ಒಟ್ಟು ಐದು ಲೀಟರ್‌ಗೆ ಸ್ವಲ್ಪ ಜಾಸ್ತಿ. ಯಾಕೆ 45? ಲಂಡನ್‌ನ ಜಾನ್ ವಿಲ್ಕ್ಸ್ ತನ್ನ ಪತ್ರಿಕೆಯ 45ನೇ ಸಂಚಿಕೆಯಲ್ಲಿ ರಾಜನ ಭಾಷಣವನ್ನೇ ಟೀಕಿಸಿ ಜೈಲು ಸೇರಿದ್ದ. ಆತನ ಹೆಸರೂ, ಇಂಗ್ಲೆಂಡಿನ ಹಳೇ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ ಹೆಸರೂ ಬಟ್ಟಲ ಮೇಲಿವೆ. ಅಂದ್ರೆ ಆಗಿನ್ನೂ ಅವರು ಕೇಳ್ತಿದ್ದದ್ದು ಇಂಗ್ಲಿಷ್ ಪ್ರಜೆಗಳಾಗಿ ತಮಗೆ ಬರಬೇಕಾದ ಹಕ್ಕು. ಆಕಾರವಂತೂ ಚೀನಾದಿಂದ ಬರ್ತಿದ್ದ ಪಿಂಗಾಣಿ ಬಟ್ಟಲುಗಳದ್ದು. ಚೀನಾದ ಆಕಾರ, ಇಂಗ್ಲೆಂಡಿನ ಹಕ್ಕು, ಬಾಸ್ಟನ್‌ನ ಸಿಟ್ಟು. 1949ರಲ್ಲಿ ಮ್ಯೂಸಿಯಂ ಇದನ್ನ ಕೊಳ್ಳುವಾಗ ಸಾರ್ವಜನಿಕರಿಂದ ಚಂದಾ ಎತ್ತಿದರು, 700 ಶಾಲಾ ಮಕ್ಕಳೂ ಕಾಸು ಕೂಡಿಸಿ ಕೊಟ್ಟರು. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಸ್ವಾತಂತ್ರ್ಯ ಬಂದ ಮೇಲೂ ಹೀಗೇ. 1782ರಲ್ಲಿ ರಾಷ್ಟ್ರಮುದ್ರೆ ನಿಗದಿಯಾಯ್ತು: ಹದ್ದು, ಒಂದು ಕಾಲಲ್ಲಿ ಆಲಿವ್ ರೆಂಬೆ, ಇನ್ನೊಂದರಲ್ಲಿ 13 ಬಾಣ. ಮುಂದೆ ಆ ಹದ್ದು ಕನ್ನಡಿ ಚೌಕಟ್ಟಿಗೆ ಬಂತು, ಕುರ್ಚಿಗೆ ಬಂತು, ಹಾಸಿಗೆ ಹೊದಿಕೆಗೆ, ಕೋಟಿನ ಗುಂಡಿಗೂ ಬಂತು. 1789ರಲ್ಲಿ ವಾಷಿಂಗ್ಟನ್ ಅಧ್ಯಕ್ಷರಾಗಿ ಪ್ರಮಾಣ ಮಾಡುವಾಗ ಬೇಕಂತಲೇ ತೊಟ್ಟಿದ್ದು ಅಮೆರಿಕದಲ್ಲೇ, ಹಾರ್ಟ್‌ಫರ್ಡ್ ಊರಿನಲ್ಲಿ ನೇಯ್ದ ಕಂದು ಉಣ್ಣೆ ಬಟ್ಟೆ. ಆದರೆ ಹದ್ದಿನ ಚಿತ್ರ ಇರೋ ಹೂಜಿಗಳನ್ನ ಅಮೆರಿಕಕ್ಕೆ ಮಾರಿದವರಲ್ಲಿ ಇಂಗ್ಲೆಂಡಿನ ಕುಂಬಾರರೇ ಮುಂದು. ನಿನ್ನೆ ಮೊನ್ನೆ ತನಕ ಯುದ್ಧ ಮಾಡಿದ ದೇಶದವರು ವಾಷಿಂಗ್ಟನ್ ಮುಖ ಅಚ್ಚು ಹಾಕಿ ಕಳಿಸ್ತಿದ್ದರು, ಇಲ್ಲಿನವರು ಹೆಮ್ಮೆಯಿಂದ ಕೊಳ್ತಿದ್ದರು. ನನಗೆ ಇದು ನಕಲಿ ಅನ್ನಿಸಲ್ಲ. ಹೊಸ ದೇಶದ ಕೈಯಲ್ಲಿ ಇನ್ನೂ ಕಾರ್ಖಾನೆ ಇರಲಿಲ್ಲ, ಆಸೆ ಇತ್ತು.

ಹೆಸರಿಗೂ ಹಾಗೇ ದೂರ ದೂರ ಕೈಚಾಚಿದ್ದರು. ಪೆನ್ಸಿಲ್ವೇನಿಯಾದವರು 1782ರಲ್ಲಿ ಒಂದು ವ್ಯಾಪಾರಿ ಹಡಗಿಗೆ ತೋಪು ಹೂಡಿ ಯುದ್ಧಕ್ಕಿಳಿಸಿದರು. ಅದರ ಹೆಸರು ಹೈದರ್ ಅಲಿ! ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರ್ ಅಲಿ. ಆಗ ಆತ ಎರಡನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರನ್ನ ಎದುರಿಸ್ತಿದ್ದ, ಆ ಹೆಸರು ಅಟ್ಲಾಂಟಿಕ್‌ನ ಈ ದಡಕ್ಕೂ ಮುಟ್ಟಿತ್ತು. ಆ ವರ್ಷ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಆ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗು ಜನರಲ್ ಮಂಕ್ ಅನ್ನ ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಆ ಕದನದ ಒಂದು ಚಿತ್ರ ಅನಾಪೊಲಿಸ್‌ನ ನೇವಲ್ ಅಕಾಡೆಮಿ ಮ್ಯೂಸಿಯಂನಲ್ಲಿದೆ. ಮೈಸೂರು ಸೀಮೆಯ ಇತಿಹಾಸ ಓದಿದ ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಅದಕ್ಕೇ ಇಲ್ಲಿ ಹೇಳಲೇಬೇಕು ಅನ್ನಿಸ್ತು.

ಈಗ ಸ್ಕ್ರೀನ್ ಮೇಲೆ ಇನ್ನೊಂದು ಚಿತ್ರ ಹಾಕಿದ್ದೀನಿ. ಇದು ಈ ಮ್ಯೂಸಿಯಂನದ್ದಲ್ಲ, ಇದೇ ಊರಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯದ್ದು. 1811ರಲ್ಲಿ ದಂತದ ಪುಟ್ಟ ಹಲಗೆ ಮೇಲೆ ಜಲವರ್ಣದಲ್ಲಿ ಬರೆದಿದ್ದು. ನೀಲಿ ಉಡುಪು, ಬಿಳಿ ಟೋಪಿ, ಕೊರಳಲ್ಲಿ ಚಿನ್ನದ ಮಣಿಸರ. ಈಕೆ ಎಲಿಜಬೆತ್ ಫ್ರೀಮನ್. ಗುಲಾಮಳಾಗಿ ಬದುಕಿದ್ದ ಹೆಂಗಸು. 1780ರ ಮ್ಯಾಸಚೂಸೆಟ್ಸ್ ಸಂವಿಧಾನದಲ್ಲಿ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಅಂತ ಬರೆದಿತ್ತು. ಹಾಗಾದ್ರೆ ನಾನೂ ತಾನೇ ಅಂತ ಆಕೆ ವಕೀಲರನ್ನ ಹಿಡಿದು ಕೋರ್ಟಿಗೆ ಹೋದಳು, 1781ರಲ್ಲಿ ಗೆದ್ದಳು. ಫ್ರೀಮನ್ ಅನ್ನೋ ಹೆಸರನ್ನ ತಾನೇ ಇಟ್ಟುಕೊಂಡಳು. ಈ ಚಿತ್ರ ಬರೆದದ್ದು ಆ ವಕೀಲರ ಸೊಸೆ. ಆ ಮಣಿಗಳು ಮುಂದೆ ಕೈಬಳೆಯಾಗಿ ಅದೇ ಸೊಸೈಟಿಯಲ್ಲಿ ಉಳಿದಿವೆ.

ನನ್ನನ್ನ ಕೇಳಿದರೆ ಆ ಪುಟ್ಟ ಚಿತ್ರ ಇರಬೇಕಾದ್ದು ಈ ಕೋಣೆಯಲ್ಲಿ, ಈ ಬಟ್ಟಲ ಪಕ್ಕದಲ್ಲಿ. ಲಿಬರ್ಟಿ ಅಂತ ಬೆಳ್ಳಿ ಮೇಲೆ ಕೆತ್ತಿಸಿದ ಹದಿನೈದು ಜನರ ಹೆಸರು ಇಲ್ಲಿಗೆ ಬಂದವರೆಲ್ಲ ಓದ್ತಾರೆ. ಆ ಮಾತನ್ನ ಕೋರ್ಟಿನಲ್ಲಿ ನಿಂತು ನಿಜ ಮಾಡಿಸಿದವಳ ಹೆಸರನ್ನೂ ಅವರು ಓದಬೇಕು.