ಬಾಡಿಗೆಗೆ ಬಿಡಲು ಮನೆ ತಗೊಳ್ಳುವ ಮೊದಲು: ಕಾಸರಗೋಡಿನ ಲೆಕ್ಕ

ನಮಸ್ಕಾರ. ಕುಂಬಳೆಯಲ್ಲೋ ಉಪ್ಪಳದಲ್ಲೋ ಒಂದು ಮನೆ ತಗೊಂಡು ಬಾಡಿಗೆಗೆ ಬಿಟ್ಟರೆ ಸಾಕು, ಲೋನ್ ತನ್ನಷ್ಟಕ್ಕೆ ತೀರುತ್ತದೆ ಅಂತ ಹೇಳುವವರು ನಮ್ಮಲ್ಲಿ ಬಹಳ ಜನ. ತೀರುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ.

[ಸ್ಕ್ರೀನ್ ಮೇಲೆ: ಬಿಳಿ ಹಾಳೆ, ಪೆನ್ನು]

ಮನೆಯ ಬೆಲೆ 30 ಲಕ್ಷ ಅಂತ ಇಟ್ಟುಕೊಳ್ಳಿ. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ ನೂರಕ್ಕೆ 8, ರಿಜಿಸ್ಟ್ರೇಶನ್ ಫೀಸು 2. ಅಲ್ಲಿಗೆ 3 ಲಕ್ಷ ಹೋಯಿತು. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90ರವರೆಗೆ ಬ್ಯಾಂಕಿನವರು ಕೊಡಬಹುದು, ಆದರೆ ಈ 3 ಲಕ್ಷವನ್ನು ಬೆಲೆಗೆ ಸೇರಿಸುವುದಿಲ್ಲ. ಹಾಗಾಗಿ 27 ಲಕ್ಷ ಸಾಲ ಸಿಕ್ಕರೂ ಕೈಯಿಂದ ಕಡಿಮೆ ಅಂದರೆ 6 ಲಕ್ಷ ಹಾಕಬೇಕು. ಶೇ. 8.5 ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 23,400. ಬಾಡಿಗೆ 10,000 ಬಂತು ಅನ್ನೋಣ. ಉಳಿದ 13,400 ಪ್ರತಿ ತಿಂಗಳೂ ನಿಮ್ಮ ಸಂಬಳದಿಂದಲೇ ಹೋಗಬೇಕು, ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ ಇಎಂಐ ನಿಮ್ಮದೇ. ಇದನ್ನು ತಾಳಿಕೊಳ್ಳುವ ಶಕ್ತಿ ಇದ್ದರೆ ಮುಂದೆ ಕೇಳಿ. ಇಲ್ಲದಿದ್ದರೆ ಇನ್ನೆರಡು ವರ್ಷ ದುಡ್ಡು ಕೂಡಿಡಿ, ಏನೂ ಅವಸರವಿಲ್ಲ.

ಈಗ ಕಾಗದಪತ್ರ. ನನ್ನ ಪ್ರಕಾರ ನಮ್ಮೂರಲ್ಲಿ ದುಡ್ಡು ಉಳಿಯುವುದೂ ಮುಳುಗುವುದೂ ಇಲ್ಲೇ.

[ಸ್ಕ್ರೀನ್ ಮೇಲೆ: ಭೂತೆರಿಗೆ ರಸೀದಿ, ಹೆಸರು ಮತ್ತು ಸರ್ವೆ ನಂಬರ್ ಮುಚ್ಚಿದೆ]

ಮನೆ ನೋಡಲು ಹೋಗುವ ಮೊದಲೇ ಬ್ರೋಕರ್ ಹತ್ತಿರ ಈ ವರ್ಷದ ತೆರಿಗೆ ರಸೀದಿ ಕೇಳಿ. ಅದನ್ನು ಹಿಡಿದುಕೊಂಡು ವಿಲೇಜ್ ಆಫೀಸಿಗೆ ಹೋಗಿ, ಜಾಗ ಯಾವ ತರಗತಿಯದು ಅಂತ ನೋಡಿ. ದಾಖಲೆಯಲ್ಲಿ 'ನಿಲಂ' ಅಂತ ಇದ್ದರೆ ಅದು ಗದ್ದೆ. ಮೇಲೆ ಮಣ್ಣು ತುಂಬಿಸಿ, ತೆಂಗಿನ ಸಸಿ ನೆಟ್ಟು, ಕೆಂಪುಕಲ್ಲಿನ ಕಂಪೌಂಡು ಕಟ್ಟಿದ್ದರೂ ಕಾಗದದಲ್ಲಿ ಗದ್ದೆಯೇ. 2008ರ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆಯ ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ-ತೇವಭೂಮಿಗಳ ಪಟ್ಟಿಯಲ್ಲಿ, ಆ ಜಾಗ ಇದೆಯಾ ಅಂತ ಕೃಷಿಭವನದಲ್ಲಿ ವಿಚಾರಿಸಿ. ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರಂ 5 ಅರ್ಜಿ ಇದೆ. ಆ ಓಡಾಟ ಮಾರುವವರದ್ದಾಗಿರಲಿ, ನಿಮ್ಮದಲ್ಲ. 'ಅದೆಲ್ಲ ಮತ್ತೆ ಸರಿ ಮಾಡಿಸಿ ಕೊಡುವ' ಅಂದರೆ ಕೈಮುಗಿದು ಬನ್ನಿ.

ಆಧಾರ, ಅಂದರೆ ಜಾಗದ ನೋಂದಣಿ ಪತ್ರ, ಓದುವುದು ಇನ್ನೊಂದು ಪಜೀತಿ. 1956ಕ್ಕಿಂತ ಮೊದಲು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಹಾಗಾಗಿ ಅಜ್ಜನ ಕಾಲದ ಪತ್ರ ಕನ್ನಡದಲ್ಲಿ, ಈಗಿನದು ಮಲಯಾಳಂನಲ್ಲಿ. ಎರಡನ್ನೂ ಓದಬಲ್ಲ ವಕೀಲರಿಗೇ ತೋರಿಸಿ. ಮಾರುವವರ ಕಡೆಯ ಆಧಾರ ಬರೆಯುವವರು ಎಷ್ಟೇ ಒಳ್ಳೆಯವರಾಗಿರಲಿ, ಅವರೇ ಓದಿ ಹೇಳಿದ್ದು ಸಾಲದು.

ಮಾಲೀಕರು ಗಲ್ಫಿನಲ್ಲಿದ್ದಾರೆ, ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದಾರೆ ಅನ್ನುವುದು ಇಲ್ಲಿ ಮಾಮೂಲು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದರಲ್ಲಿ ಮಾರುವ ಅಧಿಕಾರ ಸ್ಪಷ್ಟವಾಗಿ ಬರೆದಿರಬೇಕು. ಕೊಟ್ಟವರು ತೀರಿಹೋದರೆ ಆ ಪತ್ರವೂ ಮುಗಿಯಿತು, ಅದಕ್ಕೇ ಒಂದು ವಿಡಿಯೋ ಕಾಲ್ ಮಾಡಿ ಮಾಲೀಕರ ಜೊತೆಯೇ ಮಾತಾಡಿ. ದುಡ್ಡು ಅವರ ಅಕೌಂಟಿಗೇ ಹಾಕಿ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ: ಮಾರುವವರು ಊರಲ್ಲೇ ಇರುವವರಾದರೆ ಬೆಲೆ 50 ಲಕ್ಷ ಅಥವಾ ಮೇಲಿದ್ದಾಗ ಮಾತ್ರ ಶೇ. 1 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ. ಎನ್‌ಆರ್‌ಐ ಆದರೆ ಆ 50 ಲಕ್ಷದ ಲೆಕ್ಕವೇ ಇಲ್ಲ, ದರವೂ ಜಾಸ್ತಿ, ಹಿಡಿದು ಕಟ್ಟಬೇಕಾದವರು ನೀವೇ. ಒಬ್ಬ ಸಿಎ ಹತ್ತಿರ ಮೊದಲೇ ಕೇಳಿ.

ಹೈವೇ ಪಕ್ಕದ ಮನೆ ಅಂತ ಜಾಸ್ತಿ ದುಡ್ಡು ಕೇಳುತ್ತಾರೆ, ಅಲ್ವಾ? ತಲಪಾಡಿಯಿಂದ ಚೆಂಗಳದವರೆಗಿನ ಷಟ್ಪಥ ರಸ್ತೆ ನೋಡಿದವರಿಗೆ ಗೊತ್ತು, ಈಗ ಎದುರಿನ ಅಂಗಡಿಗೆ ಹೋಗಬೇಕಾದರೂ ಸರ್ವಿಸ್ ರೋಡ್ ಹಿಡಿದು ಅಂಡರ್‌ಪಾಸ್ ಹುಡುಕಬೇಕು. ಬಾಡಿಗೆಗೆ ಬರುವವರು ಬಸ್ ಎಲ್ಲಿ ನಿಲ್ಲುತ್ತದೆ, ಮೇ ತಿಂಗಳಲ್ಲಿ ಬಾವಿಯಲ್ಲಿ ನೀರಿರುತ್ತದಾ ಅಂತ ಕೇಳುತ್ತಾರೆ. ಆದ್ದರಿಂದ ಮನೆಯನ್ನು ಮಳೆಗಾಲದಲ್ಲಿ ಒಮ್ಮೆ, ಕಡು ಬೇಸಿಗೆಯಲ್ಲಿ ಒಮ್ಮೆ ನೋಡಿ.

ಅಡ್ವಾನ್ಸ್ 20,000 ಅಥವಾ ಮೇಲಿದ್ದರೆ ಕ್ಯಾಶ್ ಬೇಡ, ಬ್ಯಾಂಕ್ ಮೂಲಕವೇ ಕೊಡಿ. ಕರಾರಿನಲ್ಲಿ ಒಂದು ಸಾಲು ಸೇರಿಸಲು ಹೇಳಿ: ಬ್ಯಾಂಕಿನ ವಕೀಲರು ದಾಖಲೆ ಸರಿಯಿಲ್ಲ ಅಂದರೆ ಅಡ್ವಾನ್ಸ್ ಪೂರ್ತಿ ವಾಪಸ್, ಇಷ್ಟು ದಿನದೊಳಗೆ. ಆ ಸಾಲಿಗೆ ಸಹಿ ಹಾಕಲು ಅವರು ಹಿಂದೆಮುಂದೆ ನೋಡಿದರೆ, ಬೇರೆ ಮನೆ ನೋಡಿ.